ಪಾಲಾದ ಗದ್ದೆಯ ಬೇಸಾಯ

ಹಿರಿಯರಿಂದ ನಮಗೆ ಬರುವುದು ಗದ್ದೆಯೊಂದೇ ಅಲ್ಲ. ಅದಕ್ಕೆ ನೀರು ತರುವ ತೋಡು, ಸೊಪ್ಪಿನ ಹಾಡಿ, ಮೂಲೆಯ ನಾಗಬನ, ತೀರದ ಸಾಲ, ಮುಗಿಯದ ವ್ಯಾಜ್ಯ ಎಲ್ಲವೂ ಜೊತೆಗೇ ಬರುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಬೈಲುಗಳಲ್ಲಿ ಹಡಿಲು ಬಿದ್ದ ಗದ್ದೆಗಳಿಗೆ ಆಳಿನ ಅಭಾವವೇ ಕಾರಣವೆಂದು ಹೇಳುವುದು ವಾಡಿಕೆ. ಅದು ನಿಜ. ಆದರೆ ಪಾಲಿನ ವಿಚಾರ ಎತ್ತುವವರು ಕಡಿಮೆ.

ಅಳಿಯಕಟ್ಟಿನ ಕುಟುಂಬಗಳಲ್ಲಿ ಹಿಂದೆ ಒಬ್ಬ ಸದಸ್ಯನ ಒತ್ತಾಯಕ್ಕೆ ಆಸ್ತಿ ಪಾಲಾಗುತ್ತಿರಲಿಲ್ಲ. ಯಜಮಾನನ ಆಡಳಿತದಲ್ಲಿ ಬೈಲು ಇಡಿಯಾಗಿ ಉಳಿಯುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾಯ್ದೆಯು ಕವರಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬಳಿಕ ತೀರಿಕೊಂಡವರ ಪಾಲು ಮಕ್ಕಳಿಗೆ ಇಳಿಯತೊಡಗಿತು. 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು. ಈಗ ಅವರ ಮಕ್ಕಳು, ಮೊಮ್ಮಕ್ಕಳು ಪಾಲಿಗೆ ಕುಳಿತಿದ್ದಾರೆ. ಮಕ್ಕಳಕಟ್ಟಿನ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು 2005ರ ತಿದ್ದುಪಡಿ ದೇಶಕ್ಕೆಲ್ಲ ವಿಧಿಸಿತು. ಇವೆಲ್ಲ ನ್ಯಾಯವೇ. ನ್ಯಾಯವನ್ನು ಗದ್ದೆಯ ಮೇಲೆ ಹಗ್ಗ ಹಿಡಿದು ಎಳೆಯುವ ಕ್ರಮದಲ್ಲಿ ಮಾತ್ರ ನಾವು ಎಡವುತ್ತಿದ್ದೇವೆ.

ಒಂದು ಲೆಕ್ಕ ನೋಡೋಣ. 120 ಸೆಂಟ್ಸಿನ ಗದ್ದೆ, ಉದ್ದ ಸುಮಾರು 260 ಅಡಿ, ಅಗಲ 200 ಅಡಿ. ಆರು ಮಂದಿಗೆ ಅಡ್ಡಲಾಗಿ ಸೀಳಿದರೆ ಐದು ಹೊಸ ಅಂಚುಗಳು ಬೇಕು. ಎರಡಡಿ ಅಗಲದ ಅಂಚಾದರೆ 2,000 ಚದರಡಿ, ಅಂದರೆ ಸುಮಾರು ನಾಲ್ಕೂವರೆ ಸೆಂಟ್ಸು ನೆಲ ಅಂಚಿಗೇ ಹೋಯಿತು. ಉಳಿದ ತುಂಡುಗಳು 43 ಅಡಿ ಅಗಲಕ್ಕೂ ಕಡಿಮೆ. ಇಂಥ ಪಟ್ಟಿಯಲ್ಲಿ ನಾಟಿಯಂತ್ರ ತಿರುಗಲು ಕಷ್ಟ, ಕಟಾವು ಯಂತ್ರದವರು ಬರಲು ಒಪ್ಪುವುದೂ ಕಷ್ಟ.

ಇದಕ್ಕಿಂತ ದೊಡ್ಡ ನಷ್ಟ ನೀರಿನದು. ನಮ್ಮಲ್ಲಿ ಮಳೆನೀರು ಮಜಲಿನಿಂದ ಬೈಲಿಗೆ ಗದ್ದೆಯಿಂದ ಗದ್ದೆಗೆ ಕಂಡಿಯ ಮೂಲಕ ಇಳಿಯುತ್ತದೆ. ಮೇಲಿನ ಪಾಲುದಾರರು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇದ್ದು ಗದ್ದೆ ಹಡಿಲು ಬಿಟ್ಟರೆ ಅಲ್ಲಿಯ ಅಂಚನ್ನು ಏಡಿ ಕೊರೆಯುತ್ತದೆ, ಕಳೆಯ ಬೀಜ ಕೆಳಕ್ಕೆ ತೇಲಿ ಬರುತ್ತದೆ, ನೀರು ಒಮ್ಮೆ ನುಗ್ಗುತ್ತದೆ, ಒಮ್ಮೆ ಬರುವುದೇ ಇಲ್ಲ. ಕೆಳಗಿನವರು ಎರಡು ವರ್ಷ ಹೆಣಗಿ ತಾವೂ ಬಿಡುತ್ತಾರೆ.

ಆದುದರಿಂದ ಪಾಲು ಮಾಡುವಾಗ ಹಳೆಯ ಅಂಚುಗಳನ್ನೇ ಗಡಿಯಾಗಿ ಇಟ್ಟುಕೊಳ್ಳುವುದು ಉತ್ತಮ. ಒಬ್ಬರಿಗೆ ಬೈಲು, ಇನ್ನೊಬ್ಬರಿಗೆ ಬೆಟ್ಟಿನ ತೆಂಗಿನ ತೋಟ, ಹೆಚ್ಚುಕಡಿಮೆಯನ್ನು ಹಣದಲ್ಲಿ ಸರಿದೂಗಿಸಬಹುದು. ತೋಡು, ಕಂಡಿ, ಯಂತ್ರ ಹೋಗುವ ದಾರಿ, ಬಾವಿಯ ಸರದಿ ಇವನ್ನು ವಿಭಾಗಪತ್ರದಲ್ಲಿ ಬರೆಯಿಸತಕ್ಕದ್ದು. ನಾಗಬನವನ್ನು ಎಲ್ಲರಿಗೂ ಸಾಮಾನ್ಯವೆಂದು ಬಿಡುವ ನಾವು ತೋಡನ್ನು ಮಾತ್ರ ಬಾಯಿಮಾತಿಗೆ ಬಿಡುತ್ತೇವೆ! ಕುಮ್ಕಿಯನ್ನು ಪಾಲಿಗೆ ಸೇರಿಸಬೇಡಿ. ಅದು ಸರ್ಕಾರಿ ಜಾಗ, ವರ್ಗದಾರನಿಗೆ ಇರುವುದು ಸೊಪ್ಪು ಕಟ್ಟಿಗೆಯಂಥ ಸವಲತ್ತು.

ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಸತ್ತವರ ಹೆಸರಿನ ಪಹಣಿಯಲ್ಲಿ ಬೆಳೆಸಾಲಕ್ಕೂ ಪರಿಹಾರಕ್ಕೂ ತೊಡಕು. ನಾನು ಬೇಸಾಯಶಾಸ್ತ್ರದವನು, ಕಾಗದಪತ್ರದ ಸೂಕ್ಷ್ಮಗಳನ್ನು ಗ್ರಾಮ ಆಡಳಿತಾಧಿಕಾರಿಗಳಲ್ಲಿ, ವಕೀಲರಲ್ಲಿ ಕೇಳತಕ್ಕದ್ದು.

ಈಗಾಗಲೇ ಪಾಲಾಗಿದ್ದರೆ ಬೇಸಾಯವನ್ನಾದರೂ ಕೂಡಿ ಮಾಡಬಹುದು. ಗಡಿಗೆ ಕಲ್ಲು ನೆಟ್ಟು ನಕ್ಷೆಯಲ್ಲಿ ಗುರುತಿಸಿಕೊಂಡು, ಒಂದೇ ಮಟ್ಟದಲ್ಲಿರುವ ತುಂಡುಗಳ ನಡುವಿನ ಅಂಚನ್ನು ತೆಗೆಯಿರಿ. ಕಾರ್ತಿಗೆ ಎಲ್ಲರೂ ಒಂದೇ ತಳಿ, ಉದಾಹರಣೆಗೆ ಕೆಂಪಕ್ಕಿಯ ಎಂ.ಓ. 4, ಹಿಡಿದರೆ ಒಂದೇ ಸಸಿಮಡಿ, ಒಂದೇ ದಿನದ ನಾಟಿ, ಒಂದೇ ಕಟಾವು ಸಾಧ್ಯ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣವನ್ನು ಒಟ್ಟಿಗೇ ತರಿಸಿದರೆ ಸಾಗಾಣಿಕೆ ವೆಚ್ಚವೂ ಇಳಿಯುತ್ತದೆ. ಫಸಲನ್ನು ಸೆಂಟ್ಸಿನ ಪ್ರಮಾಣದಲ್ಲಿ ಹಂಚಿಕೊಳ್ಳಿ.

ಬೇರೆಯವರು ಉತ್ತರೆ ಹಕ್ಕು ಬಂದೀತೆಂದು ಒಡೆಯರು ಹೆದರುವುದುಂಟು. ಅದು 1974ರಿಂದ ಇಳಿದು ಬಂದ ಹೆದರಿಕೆ. ಉಡುಪಿ, ಬ್ರಹ್ಮಾವರದ ಕಡೆ 2021ರಲ್ಲಿ ಹಡಿಲು ಭೂಮಿ ಕೃಷಿ ಆಂದೋಲನದಲ್ಲಿ ಎಷ್ಟೋ ಒಡೆಯರು ಗದ್ದೆ ಬಿಟ್ಟುಕೊಟ್ಟರು. ಅಣ್ಣತಮ್ಮಂದಿರೊಳಗೆ, ಅಕ್ಕತಂಗಿಯರೊಳಗೆ ಒಂದು ಬೆಳೆಗೆ ಬರಹದ ಒಪ್ಪಂದ ಮಾಡಿಕೊಳ್ಳುವುದು ಇನ್ನೂ ಸುಲಭ. ಹೊಸ್ತಿಗೆ ಕದಿರು ತರಲು ಊರಿಗೆ ಬಂದವರೆಲ್ಲ ಮೂಲಮನೆಯಲ್ಲಿ ಸೇರುತ್ತಾರಲ್ಲ, ಮುಂದಿನ ಕಾರ್ತಿಯ ಮಾತನ್ನು ಅಂದೇ ಎತ್ತಬಹುದು.