ಅಂಗೈಯಲ್ಲಿರುವ ಯಂತ್ರದ ಆಯವ್ಯಯ

ಸ್ಮಾರ್ಟ್‌ಫೋನಿನ ತೆರೆಯನ್ನು ನಾವು ಬೆರಳಿನಿಂದ ಮೇಲಕ್ಕೆ ಸರಿಸಿದೊಡನೆ ಅಕ್ಷರಗಳೂ ಚಿತ್ರಗಳೂ ನೀರಿನಂತೆ ಹರಿದು ಸಾಗುತ್ತವೆ. ವಾಸ್ತವವಾಗಿ ಅಲ್ಲಿ ಯಾವುದೂ ಹರಿಯುವುದಿಲ್ಲ. ಚಲಚ್ಚಿತ್ರದಲ್ಲಿ ಸೆಕೆಂಡಿಗೆ 24 ಬಿಡಿಚಿತ್ರಗಳು ಕಣ್ಣಿಗೆ ಚಲನೆಯ ಭ್ರಮೆಯನ್ನು ಉಂಟುಮಾಡುವಂತೆ, ಇಲ್ಲಿ ಸಾಮಾನ್ಯವಾಗಿ 60 ಚಿತ್ರಗಳು ಒಂದಾದ ಮೇಲೊಂದು ತೋರಿ ಮರೆಯಾಗುತ್ತವೆ. ಆದರೆ ಒಂದು ಭೇದವುಂಟು. ಚಲಚ್ಚಿತ್ರದ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಫೋನಾದರೋ ಪ್ರತಿಯೊಂದನ್ನೂ ಆಗಿಂದಾಗ ರಚಿಸಬೇಕು. ಅದಕ್ಕೆ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು. ಈ ಗಡುವು ತಪ್ಪಿದರೆ ಹಳೆಯ ಚಿತ್ರವೇ ಇನ್ನೊಂದು ಸರದಿ ನಿಲ್ಲುತ್ತದೆ. ನಮಗೆ ಅದು ತಡವರಿಕೆಯಾಗಿ ಕಾಣುತ್ತದೆ.

ಈ ದುಡಿಮೆಗೆಲ್ಲ ಬಂಡವಾಳ ಒಂದು ಸಣ್ಣ ಲಿಥಿಯಂ ಬ್ಯಾಟರಿ. 5000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವ ಶಕ್ತಿ ಸುಮಾರು 19 ವಾಟ್-ಗಂಟೆ. 60 ವಾಟಿನ ಹಳೆಯ ತಂತಿದೀಪವೊಂದನ್ನು ಅದು 20 ನಿಮಿಷವೂ ಉರಿಸಲಾರದು; ಫೋನು ಅಷ್ಟರಿಂದಲೇ ದಿನವನ್ನು ಕಳೆಯಬೇಕು. ಆಯ ಮಿತವಾಗಿರುವ ಮನೆಯಲ್ಲಿ ವ್ಯಯವನ್ನು ಅರಿತು ಹಂಚುವ ಯಜಮಾನನೊಬ್ಬ ಬೇಕಷ್ಟೆ. ಫೋನಿನಲ್ಲಿ ಆ ಹೊಣೆಯನ್ನು ಆಂಡ್ರಾಯ್ಡ್, ಐಓಎಸ್ ಮೊದಲಾದ ಆಪರೇಟಿಂಗ್ ಸಿಸ್ಟಂಗಳು ಹೊತ್ತಿವೆ.

ಅವುಗಳ ಮೊದಲನೆಯ ಉಪಾಯ ಪ್ರೊಸೆಸರಿನ ವೇಗವನ್ನು ಏರಿಳಿಸುವುದು. ಪ್ರೊಸೆಸರು ದುಡಿಯುವಾಗ ಪ್ರತಿ ಸೆಕೆಂಡಿಗೆ ವ್ಯಯಿಸುವ ಶಕ್ತಿ ಮುಖ್ಯವಾಗಿ ಅದರ ವೇಗವನ್ನೂ ವೋಲ್ಟೇಜಿನ ವರ್ಗವನ್ನೂ ಅನುಸರಿಸುತ್ತದೆ. ವೇಗ ತಗ್ಗಿದಾಗ ಕಡಿಮೆ ವೋಲ್ಟೇಜೇ ಸಾಕಾಗುತ್ತದೆ. ವೇಗವನ್ನು ಅರ್ಧಕ್ಕೂ ವೋಲ್ಟೇಜನ್ನು ಐದರಲ್ಲಿ ನಾಲ್ಕು ಪಾಲಿಗೂ ಇಳಿಸಿದೆವೆಂದು ಭಾವಿಸೋಣ. ಆಗ ಕೆಲಸಕ್ಕೆ ಇಮ್ಮಡಿ ಕಾಲ ಹಿಡಿಯುತ್ತದೆ. ಆದರೆ ಅದಕ್ಕೆ ತಗಲುವ ಶಕ್ತಿ ಮೊದಲಿನ ನೂರಕ್ಕೆ 64 ಪಾಲು ಮಾತ್ರ. ಹಾಗೆಂದು ನಿಧಾನವೇ ಸದಾ ಲೇಸೆನ್ನುವಂತಿಲ್ಲ. ಪ್ರೊಸೆಸರು ಎಚ್ಚರವಾಗಿರುವಷ್ಟು ಹೊತ್ತೂ ಮೆಮೊರಿ ಮುಂತಾದ ಇತರ ಭಾಗಗಳೂ ಎಚ್ಚರವಾಗಿರಬೇಕು. ಆದುದರಿಂದ ಗಡುವಿನೊಳಗೆ ಕೆಲಸ ಮುಗಿಯುವಷ್ಟು ವೇಗ, ಬಳಿಕ ನಿದ್ರೆ – ಇದೇ ಒಳ್ಳೆಯ ನಿಯಮ. 2012ರ ಆಂಡ್ರಾಯ್ಡ್ 4.1ರಲ್ಲಿ, ಸುಮ್ಮನಿದ್ದ ತೆರೆಗೆ ಬೆರಳು ತಾಗಿದ ಕ್ಷಣವೇ ಪ್ರೊಸೆಸರಿನ ವೇಗವನ್ನೇರಿಸುವ ಏರ್ಪಾಡನ್ನು ಸೇರಿಸಿದರು.

ಎರಡನೆಯ ಉಪಾಯ ಅಲಂಕಾರದ ಮಿತಿ. ಹಿನ್ನೆಲೆಯನ್ನು ಮಂಜಿನಂತೆ ಮಸುಕಾಗಿಸಬೇಕಾದರೆ ಒಂದೊಂದು ಚುಕ್ಕಿಯ ಬಣ್ಣಕ್ಕೂ ಸುತ್ತಲಿನ ಅನೇಕ ಚುಕ್ಕಿಗಳನ್ನು ಗಣಿಸಬೇಕಾಗುತ್ತದೆ. ಇಂತಹ ಬೆಡಗು ಕೇವಲ ವ್ಯರ್ಥವೆನ್ನಲಾಗದು. ಪುಟವೊಂದು ಮೆಲ್ಲಗೆ ಅರಳುವಷ್ಟರಲ್ಲಿ ಅದರ ಒಳಗಿನ ವಿಷಯವನ್ನು ಸಿದ್ಧಪಡಿಸಲು ಯಂತ್ರಕ್ಕೆ ಅವಕಾಶ ದೊರೆಯುತ್ತದೆ. ಆದರೂ ಕೊರತೆಯ ಕಾಲದಲ್ಲಿ ಮೊದಲು ತ್ಯಜಿಸತಕ್ಕುದು ಅಲಂಕಾರವೇ. 2015ರಲ್ಲಿ ಐಫೋನಿಗೆ ಬಂದ ಮಿತಬಳಕೆಯ ವಿಧಾನವು ಕೆಲವು ದೃಶ್ಯಾಲಂಕಾರಗಳನ್ನು ತಗ್ಗಿಸುತ್ತದೆ. ಅದೇ ವರ್ಷ ಆಂಡ್ರಾಯ್ಡ್ 6ರಲ್ಲಿ ‘ಡೋಜ್’, ಅಂದರೆ ತೂಕಡಿಕೆ, ಬಂದಿತು. ಚಾರ್ಜಿಗೆ ಜೋಡಿಸದೆ, ತೆರೆಯನ್ನು ಆರಿಸಿ, ಅಲುಗದಂತೆ ಇಟ್ಟ ಫೋನಿನಲ್ಲಿ ಹಿನ್ನೆಲೆಯ ಕೆಲಸಗಳನ್ನು ತಡೆದು, ನಡುನಡುವೆ ಒಟ್ಟಾಗಿ ಮುಗಿಸುವ ವ್ಯವಸ್ಥೆಯಿದು.

ಇನ್ನು ಯಜಮಾನಿಕೆಯ ಮತ್ತೊಂದು ಮುಖವನ್ನು ನೋಡೋಣ. ಬ್ಯಾಟರಿ ಹಳತಾದಂತೆ ಅದರ ಆಂತರಿಕ ನಿರೋಧ ಹೆಚ್ಚುತ್ತದೆ. ಪ್ರೊಸೆಸರು ಥಟ್ಟನೆ ಅಧಿಕ ವಿದ್ಯುತ್ತನ್ನು ಸೆಳೆದಾಗ ವೋಲ್ಟೇಜು ಕುಸಿದು, ಚಾರ್ಜ್ ಉಳಿದಿದ್ದರೂ ಫೋನು ಆರಿಹೋಗಬಹುದು. ಇದನ್ನು ತಡೆಯಲೆಂದು ಆಪಲ್ ಸಂಸ್ಥೆಯು 2017ರ ಜನವರಿಯ ಐಓಎಸ್ 10.2.1ರಲ್ಲಿ, ಬ್ಯಾಟರಿ ಹಳತಾದ ಕೆಲವು ಐಫೋನುಗಳ ವೇಗಕ್ಕೆ ಕಡಿವಾಣ ಹಾಕಿತು. ತಂತ್ರಶಾಸ್ತ್ರದ ದೃಷ್ಟಿಯಿಂದ ಇದು ಯುಕ್ತವೇ. ಆದರೆ ವೇಗ ಕುಂದಿದ ಕಾರಣ ಬಳಕೆದಾರರಿಗೆ ತಿಳಿದಿರಲಿಲ್ಲ. ಬ್ಯಾಟರಿಯನ್ನು ಬದಲಿಸಿದರೆ ಸಾಕಾಗಿದ್ದಲ್ಲಿ ಹೊಸ ಫೋನನ್ನೇ ಕೊಳ್ಳುವ ಸಂಭವವಿತ್ತು. ಅದೇ ಡಿಸೆಂಬರಿನಲ್ಲಿ ಸಂಸ್ಥೆಯು ಸಂಗತಿಯನ್ನು ಒಪ್ಪಿಕೊಂಡು ಕ್ಷಮೆ ಕೋರಿತು. 2018ರ ಐಓಎಸ್ 11.3ರಲ್ಲಿ ಬ್ಯಾಟರಿಯ ಸ್ಥಿತಿಯನ್ನು ತೋರಿಸಿ, ಕಡಿವಾಣವನ್ನು ತೆಗೆಯುವ ಆಯ್ಕೆಯನ್ನೂ ನೀಡಿತು. ಮಾಹಿತಿಯನ್ನು ಮರೆಮಾಚಿದುದಕ್ಕಾಗಿ 2020ರಲ್ಲಿ ಫ್ರಾನ್ಸಿನಲ್ಲಿ 25 ದಶಲಕ್ಷ ಯೂರೋ ದಂಡವನ್ನೂ ತೆರಬೇಕಾಯಿತು.

ವೇಗ, ಅಂದ, ಬಾಳಿಕೆ – ಈ ಮೂರನ್ನೂ ಪೂರ್ಣವಾಗಿ ಪಡೆಯುವುದು ಸಾಧ್ಯವಿಲ್ಲ. ಯಾವುದನ್ನು ಎಷ್ಟು ಬಿಡಬೇಕೆಂಬುದನ್ನು ಯಂತ್ರವೇ ಕ್ಷಣಕ್ಷಣಕ್ಕೂ ಲೆಕ್ಕ ಹಾಕಲಿ; ಆದರೆ ಆ ಲೆಕ್ಕದ ಪುಸ್ತಕವು ಫೋನಿನ ಒಡೆಯನ ಕಣ್ಣಿಗೂ ಬೀಳುವಂತಿರಬೇಕು. ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟವನ್ನು ಆಗಾಗ ತೆರೆದು ನೋಡುವುದು ನಮ್ಮ ಪಾಲಿನ ಕೆಲಸ.