ಗಾಳಿಗಿಂತ ಹಗುರವಾದ ಹಡಗು: ಮೂರು ಪ್ರಶ್ನೆಗಳು

ಊರಿನ ಬಾವಿಯಲ್ಲಿ ಈಜು ಕಲಿಯುವಾಗ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬುರುಡೆ ತಾನು ಸರಿಸಿದ ನೀರಿಗಿಂತ ಹಗುರ. ಆದ್ದರಿಂದಲೇ ಅದು ನಮ್ಮನ್ನೂ ಎತ್ತಿ ಹಿಡಿಯುತ್ತಿತ್ತು. ಗಾಳಿಯಲ್ಲಿಯೂ ಇದೇ ನಿಯಮ. ಒಂದು ಘನ ಮೀಟರು ಗಾಳಿಯ ತೂಕ ಸುಮಾರು 1,290 ಗ್ರಾಂ. ಅಷ್ಟೇ ಜಲಜನಕ ಅನಿಲದ ತೂಕ ಸುಮಾರು 90 ಗ್ರಾಂ. ಆದುದರಿಂದ ಚೀಲದಲ್ಲಿ ತುಂಬಿದ ಒಂದೊಂದು ಘನ ಮೀಟರು ಜಲಜನಕವೂ 1,200 ಗ್ರಾಂ ಭಾರವನ್ನು ಎತ್ತಬಲ್ಲುದು. ಬೆಲೂನಿಗೂ ವಾಯುನೌಕೆಗೂ ಇದೇ ತಳಹದಿ. ಇವನ್ನು ಕಟ್ಟಿದವರ ಮುಂದೆ ಮೂರು ಪ್ರಶ್ನೆಗಳಿದ್ದವು: ಏರುವುದು ಹೇಗೆ? ಬೇಕಾದ ಕಡೆಗೆ ಹೋಗುವುದು ಹೇಗೆ? ಬೆಂಕಿಯಿಂದ ಉಳಿಯುವುದು ಹೇಗೆ? ಈ ಕ್ರಮದಲ್ಲಿಯೇ ವಿಷಯವನ್ನು ನೋಡೋಣ.

ಮೊದಲನೆಯ ಪ್ರಶ್ನೆಗೆ 1783ರಲ್ಲಿ ಫ್ರಾನ್ಸಿನಲ್ಲಿ ಉತ್ತರ ದೊರೆಯಿತು. ಕಾಗದ ತಯಾರಿಸುವ ಮನೆತನದ ಮಾಂಗಾಲ್ಫಿಯೆ ಸಹೋದರರು ಬಟ್ಟೆ ಮತ್ತು ಕಾಗದದ ಚೀಲದಲ್ಲಿ ಬಿಸಿಗಾಳಿ ತುಂಬಿ ಜೂನ್ 4ರಂದು ಮೇಲಕ್ಕೆ ಬಿಟ್ಟರು. ನವೆಂಬರ್ 21ರಂದು ಪಿಲಾತ್ರ್ ದ ರೋಜಿಯೆ ಮತ್ತು ದಾರ್ಲಾಂದ್ ಎಂಬಿಬ್ಬರು ಅಂಥ ಬೆಲೂನಿನಲ್ಲಿ ಪ್ಯಾರಿಸ್ ನಗರದ ಮೇಲೆ ಹಾರಿದರು. ಹತ್ತೇ ದಿನಗಳ ಬಳಿಕ ವಿಜ್ಞಾನಿ ಷಾರ್ಲ್ ಜಲಜನಕದ ಬೆಲೂನಿನಲ್ಲಿ ಏರಿದರು.

ಸೇನೆಯವರ ಕಣ್ಣು ಬೇಗನೆ ಇದರ ಮೇಲೆ ಬಿದ್ದಿತು. 1794ರ ಜೂನ್ 26ರಂದು ಫ್ಲ್ಯೂರಸ್ ಕಾಳಗದಲ್ಲಿ ಫ್ರೆಂಚರು ಹಗ್ಗ ಕಟ್ಟಿದ ಬೆಲೂನನ್ನು ಏರಿಸಿ, ಶತ್ರುಸೇನೆಯ ಚಲನವಲನಗಳನ್ನು ಮೇಲಿನಿಂದ ನೋಡಿ ಕೆಳಗೆ ತಿಳಿಸಿದರು. ಗಂಧಕವೆಲ್ಲ ತೋಪಿನ ಮದ್ದಿಗೆ ಬೇಕಾಗಿತ್ತು. ಆಮ್ಲ ತಯಾರಿಸಲು ಸಿಗುವಂತಿರಲಿಲ್ಲ. ಆದುದರಿಂದ ಕೆಂಪಗೆ ಕಾದ ಕಬ್ಬಿಣದ ಮೇಲೆ ನೀರಿನ ಹಬೆಯನ್ನು ಹಾಯಿಸಿ ಜಲಜನಕವನ್ನು ಪಡೆದರು.

ಆದರೆ ಹಗ್ಗ ಬಿಚ್ಚಿದ ಬೆಲೂನು ಗಾಳಿಯ ಆಳು. ಗಾಳಿ ಬೀಸಿದತ್ತ ಅದರ ದಾರಿ. ಎರಡನೆಯ ಪ್ರಶ್ನೆ ಇಲ್ಲಿ ಹುಟ್ಟಿತು. 1852ರಲ್ಲಿ ಆಂರಿ ಜಿಫಾರ್ ಎಂಬವರು ಉದ್ದನೆಯ ಚೀಲಕ್ಕೆ 3 ಅಶ್ವಶಕ್ತಿಯ ಹಬೆಯಂತ್ರವನ್ನು ತೂಗುಹಾಕಿ ಸುಮಾರು 27 ಕಿಲೋಮೀಟರು ಹೋದರು. ಎದುರುಗಾಳಿಯಲ್ಲಿ ಹಿಂದಿರುಗಲು ಯಂತ್ರದ ಬಲ ಸಾಲಲಿಲ್ಲ. 1884ರ ಆಗಸ್ಟ್ 9ರಂದು ರೆನಾರ್ ಮತ್ತು ಕ್ರೆಬ್ಸ್ ಎಂಬ ಇಬ್ಬರು ಸೇನಾಧಿಕಾರಿಗಳು 'ಲಾ ಫ್ರಾನ್ಸ್' ಎಂಬ ವಿದ್ಯುತ್ ಯಂತ್ರದ ನೌಕೆಯಲ್ಲಿ 23 ನಿಮಿಷಗಳಲ್ಲಿ 8 ಕಿಲೋಮೀಟರು ಸುತ್ತಿ, ಹೊರಟ ಜಾಗಕ್ಕೇ ಮರಳಿ ಇಳಿದರು. ಏರಲು ಕಲಿತ ಮನುಷ್ಯನಿಗೆ ಮರಳಿ ಬರಲು ಕಲಿಯುವುದಕ್ಕೆ 101 ವರ್ಷ ಹಿಡಿಯಿತು!

ಜರ್ಮನಿಯ ಕೌಂಟ್ ಜೆಪ್ಪೆಲಿನ್ ಇನ್ನೂ ಮುಂದೆ ಹೋದರು. ಅವರ ಮೊದಲ ನೌಕೆ 1900ರ ಜುಲೈ 2ರಂದು ಹಾರಿತು. ಉದ್ದ 128 ಮೀಟರು. ಒಳಗೆ ಅಲ್ಯುಮಿನಿಯಂ ಹಂದರ, ಅದರಲ್ಲಿ 17 ಅನಿಲದ ಚೀಲಗಳು. ಗಿರಣಿಯ ಬಂಧುಗಳಿಗೆ ಒಂದು ವಿಶೇಷ ಹೇಳಬೇಕು: ಮುಂದಿನ ಜೆಪ್ಪೆಲಿನ್‌ಗಳ ಅನಿಲದ ಚೀಲಗಳು ಹತ್ತಿಯ ಬಟ್ಟೆಯವು. ಜಲಜನಕ ಸೋರದಂತೆ ಆ ಬಟ್ಟೆಗೆ ದನದ ಕರುಳಿನ ತೆಳು ಪೊರೆಯನ್ನು ಅಂಟಿಸುತ್ತಿದ್ದರು.

ಮೂರನೆಯ ಪ್ರಶ್ನೆಯೇ ಕೊನೆಗೆ ಉಳಿಯಿತು. ಮೊದಲು ಹಾರಿದ ಆ ದ ರೋಜಿಯೆಯವರೇ 1785ರಲ್ಲಿ, ಮೇಲೆ ಜಲಜನಕ, ಕೆಳಗೆ ಬೆಂಕಿ ಇದ್ದ ಬೆಲೂನಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಲು ಹೊರಟು, ಬಿದ್ದು ಸತ್ತರು. 1915ರಲ್ಲಿ ಜೆಪ್ಪೆಲಿನ್‌ಗಳು ಇಂಗ್ಲೆಂಡಿನ ಊರುಗಳ ಮೇಲೆ ಬಾಂಬು ಹಾಕಿದಾಗ ಮೊದಮೊದಲು ಅವನ್ನು ಉರುಳಿಸುವುದು ಕಷ್ಟವಾಯಿತು. ಸಾಮಾನ್ಯ ಗುಂಡು ಚೀಲಕ್ಕೆ ಸಣ್ಣ ತೂತು ಮಾಡುತ್ತಿತ್ತು, ಅಷ್ಟೆ. ಗಾಳಿ ಬೆರೆಯದ ಜಲಜನಕ ಉರಿಯುವುದಿಲ್ಲ. ಆದರೆ ಚೀಲವನ್ನು ಸಿಡಿಸುವ ಗುಂಡು, ಬೆಂಕಿ ಹಚ್ಚುವ ಗುಂಡು ಎರಡನ್ನೂ ಬೆರೆಸಿ ಹೊಡೆದಾಗ ಅನಿಲ ಹೊರಬಂದು, ಗಾಳಿಯೊಡನೆ ಬೆರೆತು ಹೊತ್ತಿಕೊಂಡಿತು. 1916ರ ಸೆಪ್ಟೆಂಬರಿನಲ್ಲಿ ಹೀಗೆ ಉರಿದುಬಿದ್ದ ಎಸ್.ಎಲ್. 11 ಎಂಬ ಜರ್ಮನ್ ನೌಕೆಯ 16 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಹಾಗಾದರೆ ಉಪಾಯವೇ ಇರಲಿಲ್ಲವೆ? ಇತ್ತು. ಹೀಲಿಯಂ ಎಂಬ ಅನಿಲ ಉರಿಯುವುದೇ ಇಲ್ಲ. ಜಲಜನಕಕ್ಕಿಂತ ಅದು ಎತ್ತುವ ಭಾರ ಘನ ಮೀಟರಿಗೆ ಸುಮಾರು 90 ಗ್ರಾಂ ಮಾತ್ರ ಕಡಿಮೆ. ಅಮೇರಿಕದ ನೌಕಾದಳ 1921ರಲ್ಲಿಯೇ ಹೀಲಿಯಂ ತುಂಬಿದ ನೌಕೆಯನ್ನು ಹಾರಿಸಿತು. ಆದರೆ ಹೀಲಿಯಂ ದುಬಾರಿ. ಅಮೇರಿಕ ಅದನ್ನು ಹೊರದೇಶಗಳಿಗೆ ಸುಲಭವಾಗಿ ಕೊಡುತ್ತಿರಲಿಲ್ಲ. ಅಗ್ಗದ ಜಲಜನಕವೇ ಮುಂದುವರಿಯಿತು. ಅಂದಿನ ಅವಿಭಜಿತ ಭಾರತದ ಕರಾಚಿಗೆ ಹೊರಟಿದ್ದ ಬ್ರಿಟಿಷರ ಆರ್. 101 ನೌಕೆ 1930ರ ಅಕ್ಟೋಬರ್ 5ರಂದು ಫ್ರಾನ್ಸಿನಲ್ಲಿ ಬಿದ್ದು ಹೊತ್ತಿ, 48 ಜನ ಸತ್ತರು. ಕರಾಚಿಯಲ್ಲಿ ಅದಕ್ಕಾಗಿ ಕಟ್ಟಿದ್ದ ಭಾರಿ ಕೊಟ್ಟಿಗೆ ಹಾಗೆಯೇ ಕಾಯುತ್ತ ನಿಂತಿತು.

ಕೊನೆಯದು ಜರ್ಮನಿಯ ಹಿಂಡನ್‌ಬರ್ಗ್. ಹೀಲಿಯಂಗಾಗಿಯೇ ಯೋಜಿಸಿದ ನೌಕೆಯಾದರೂ ಅದು ದೊರೆಯದೆ ಜಲಜನಕ ತುಂಬಿದರು. ಹತ್ತಿ ಗಿರಣಿಯ ಬಾಗಿಲಲ್ಲಿ ನಮ್ಮ ಬೆಂಕಿಪೆಟ್ಟಿಗೆ ತೆಗೆದಿರಿಸುವಂತೆ ಅಲ್ಲಿಯೂ ಪ್ರಯಾಣಿಕರ ಬೆಂಕಿಪೆಟ್ಟಿಗೆಗಳನ್ನು ಹತ್ತುವಾಗಲೇ ತೆಗೆದಿರಿಸುತ್ತಿದ್ದರು. ಅವರ ತಲೆಯ ಮೇಲೆ ಮಾತ್ರ ಸುಮಾರು ಎರಡು ಲಕ್ಷ ಘನ ಮೀಟರು ಜಲಜನಕವಿತ್ತು. 1937ರ ಮೇ 6ರಂದು ಅಮೇರಿಕದ ಲೇಕ್‌ಹರ್ಸ್ಟ್‌ನಲ್ಲಿ ಇಳಿಯುವಾಗ ಅದು ಹೊತ್ತಿಕೊಂಡು 36 ಜನರು ಪ್ರಾಣ ಬಿಟ್ಟರು. ಜಲಜನಕದ ನೌಕೆಗಳಲ್ಲಿ ಪ್ರಯಾಣಿಕರನ್ನು ಸಾಗಿಸುವ ಕೆಲಸ ಅಲ್ಲಿಗೆ ಮುಗಿಯಿತು.

ಏರುವ ಜಾಣ್ಮೆಯೂ ತಿರುಗುವ ಜಾಣ್ಮೆಯೂ ಇದ್ದವರು, ಬೆಂಕಿಯ ಪ್ರಶ್ನೆಯನ್ನು ಮಾತ್ರ ವೆಚ್ಚಕ್ಕೆ ಅಂಜಿ ನಾಳೆಗೆ ತಳ್ಳುತ್ತ ಬಂದರು. ಯಂತ್ರಗಳ ನಡುವೆ ದುಡಿಯುವ ನಾವು ಈ ಪಾಠದಲ್ಲಿ ನೆನಪಿಡಬೇಕಾದದ್ದು ಇದನ್ನೇ.