ಬಂದ ದಾರಿಯಲ್ಲೇ ಮರಳಬೇಕಾದ ಉತ್ತರ

ಬೆಳಗಾವಿಯಿಂದ ಗೋವೆಗೆ ಹೊರಟವರಿಗೆ ಎರಡು ಘಟ್ಟದ ದಾರಿಗಳುಂಟು. ಜಾಂಬೋಟಿಯ ಮೇಲೆ ಹೋಗಿ ಚೋರ್ಲಾ ಘಟ್ಟವನ್ನು ಇಳಿಯುವುದು ಒಂದು. ಖಾನಾಪುರ, ರಾಮನಗರಗಳನ್ನು ಹಾದು ಅನಮೋಡ ಘಟ್ಟವನ್ನು ಇಳಿಯುವುದು ಇನ್ನೊಂದು. ಚೋರ್ಲಾದಲ್ಲಿ ಹೋದವನು ಅನಮೋಡದಲ್ಲಿ ಮರಳಿದನೆಂದು ಯಾರೂ ಆಕ್ಷೇಪಿಸರು, ಮನೆ ಸೇರಿದರಾಯಿತು. ಅಂತರಜಾಲದ ಸಂಭಾಷಣೆಗೆ ಮಾತ್ರ ಎಲ್ಲ ವೇಳೆಯಲ್ಲಿಯೂ ಈ ಸ್ವಾತಂತ್ರ್ಯವಿಲ್ಲ. ಇದನ್ನು ನಾವು ಅರಿತದ್ದು ಪುಸ್ತಕದಿಂದಲ್ಲ, ಆಟೋ ನಗರದ ಬಳಿಯ ನಮ್ಮ ಮನೆಯಲ್ಲಿ ನಾವೇ ಮಾಡಿಕೊಂಡ ತಪ್ಪಿನಿಂದ.

ನಮ್ಮಲ್ಲಿ ಒಂದು ಹಳೆಯ ಕಂಪ್ಯೂಟರಿದೆ. ಜೆಲ್ಲಿಫಿನ್ ಎಂಬ ಮುಕ್ತ ತಂತ್ರಾಂಶವನ್ನು ಅದರಲ್ಲಿ ಹೂಡಿ ಮನೆಯ ಮೀಡಿಯಾ ಸರ್ವರ್ ಮಾಡಿಕೊಂಡಿದ್ದೇವೆ. ಹಾಡು, ಚಲಚ್ಚಿತ್ರಗಳ ಜೊತೆಗೆ ಭೌತಶಾಸ್ತ್ರದ ಪ್ರಯೋಗಗಳನ್ನು ಚಿತ್ರೀಕರಿಸಿದ ಪಾಠಗಳೂ ಅದರಲ್ಲಿವೆ. ಖಾನಾಪುರ ತಾಲೂಕಿನ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ರಾತ್ರಿಯ ಹೊತ್ತು ತಮ್ಮ ಫೋನಿನಲ್ಲಿ ಅವನ್ನು ನೋಡುತ್ತಾರೆ. ಪ್ರಾಯೋಗಿಕ ಪರೀಕ್ಷೆಗೆ ಎರಡು ದಿನ ಉಳಿದಿರುವಾಗ, ಮನೆಯವರ ಸಂಚಾರವೆಲ್ಲ ಗುಪ್ತವಾಗಿರಲೆಂದು ನಾವು ಫೈರ್‌ವಾಲಿನಲ್ಲಿ ವಿ.ಪಿ.ಎನ್. ಹೂಡಿದೆವು. ಮರುದಿನ ಬೆಳಿಗ್ಗೆ ಒಬ್ಬ ವಿದ್ಯಾರ್ಥಿಯ ಕರೆ ಬಂದಿತು: “ಸರ್, ನಿನ್ನೆ ರಾತ್ರಿಯಿಂದ ಪಾಠ ಓಪನ್ನೇ ಆಗವಲ್ದು.” ಮನೆಯ ಟಿ.ವಿ.ಯಲ್ಲಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇತ್ತು.

ವಿ.ಪಿ.ಎನ್. ಎಂಬುದು ಒಂದು ಸುರಂಗವಿದ್ದಂತೆ. ಮನೆಯಿಂದ ಹೊರಡುವ ಪ್ರತಿಯೊಂದು ಪ್ಯಾಕೆಟ್ಟನ್ನೂ ಸಂಕೇತಲಿಪಿಯಲ್ಲಿ ಮುಚ್ಚಿ ದೂರದ ಒಂದು ಕಂಪ್ಯೂಟರಿಗೆ ಒಯ್ಯಲಾಗುವುದು. ಅಲ್ಲಿ ಬಿಚ್ಚಿ, ಅಲ್ಲಿಯ ವಿಳಾಸವನ್ನು ಹಚ್ಚಿ, ಮುಂದಕ್ಕೆ ಕಳಿಸಲಾಗುವುದು. ಸಂಪರ್ಕ ಕೊಟ್ಟ ಕಂಪೆನಿಗೆ ಒಳಗಿನ ಸರಕು ಕಾಣದು. ಕಾಣುವ ಹಕ್ಕು ಸುರಂಗದ ಆಚೆಯ ತುದಿಯವರಿಗೆ ವರ್ಗವಾಯಿತೇ ಹೊರತು ಇಲ್ಲವಾಗಲಿಲ್ಲ ಎಂಬುದನ್ನು ಬಹುಮಂದಿ ಮರೆಯುತ್ತಾರೆ. ಭಾರತದಲ್ಲಿ ೨೦೨೨ರ ಏಪ್ರಿಲ್ ೨೮ರಂದು ಸರ್ಟ್-ಇನ್ ಸಂಸ್ಥೆಯು ಹೊರಡಿಸಿದ ನಿರ್ದೇಶದಂತೆ ವಿ.ಪಿ.ಎನ್. ಸೇವೆಯವರು ಗ್ರಾಹಕರ ವಿವರಗಳನ್ನು ಐದು ವರ್ಷ ಕಾಯ್ದಿಡಬೇಕಾಗಿದೆ.

ಹಾಗಾದರೆ ಪಾಠಗಳೇಕೆ ನಿಂತವು? ಪ್ಯಾಕೆಟ್ಟನ್ನು ಯಾವ ಬಾಗಿಲಿನಿಂದ ಹೊರಡಿಸಬೇಕೆಂಬುದನ್ನು ಫೈರ್‌ವಾಲ್ ತನ್ನ ದಾರಿಪಟ್ಟಿಯನ್ನು ನೋಡಿ ತೀರ್ಮಾನಿಸುವುದು. ಈ ಪಟ್ಟಿ ಕೇಳುವ ಪ್ರಶ್ನೆ ಒಂದೇ: “ಎಲ್ಲಿಗೆ?” ಎಲ್ಲಿಂದ ಬಂದೆ, ಯಾರ ಮಾತಿಗೆ ಉತ್ತರವಾಗಿ ಹೊರಟಿದ್ದೀ ಎಂದು ಅದು ಕೇಳುವುದಿಲ್ಲ. ಒಂದೇ ಗುರಿಗೆ ಎರಡು ನಮೂದುಗಳು ಹೊಂದಿದರೆ ಹೆಚ್ಚು ನಿರ್ದಿಷ್ಟವಾದುದೇ ಗೆಲ್ಲುವುದು. ಓಪನ್‌ವಿ.ಪಿ.ಎನ್. ಈ ನಿಯಮವನ್ನು ಬಲು ಜಾಣತನದಿಂದ ಬಳಸಿಕೊಂಡಿದೆ. ಅಂತರಜಾಲದ ನಾಲ್ಕನೆಯ ಆವೃತ್ತಿಯ ವಿಳಾಸವು ೩೨ ಬಿಟ್ಟುಗಳದು. ಆದುದರಿಂದ ಒಟ್ಟು ವಿಳಾಸಗಳು ೪,೨೯,೪೯,೬೭,೨೯೬. “ಎಲ್ಲ ವಿಳಾಸಗಳಿಗೂ ಈ ದಾರಿ” ಎಂಬ ಹಳೆಯ ನಮೂದನ್ನು ಅದು ಅಳಿಸುವುದಿಲ್ಲ. ಲೋಕವನ್ನೇ ೨,೧೪,೭೪,೮೩,೬೪೮ ವಿಳಾಸಗಳ ಎರಡು ಸರಿಪಾಲುಗಳಾಗಿ ಸೀಳಿ, ಎರಡಕ್ಕೂ ಸುರಂಗವನ್ನೇ ತೋರಿಸುವುದು. ಅರ್ಧವು ಪೂರ್ಣಕ್ಕಿಂತ ನಿರ್ದಿಷ್ಟವಾದುದರಿಂದ ಸುರಂಗವೇ ಗೆಲ್ಲುವುದು; ಸುರಂಗ ಮುಚ್ಚಿದಾಗ ಹಳೆಯ ನಮೂದು ತಾನಾಗಿ ಮೇಲೆದ್ದು ಬರುವುದು.

ಇನ್ನು ವಿದ್ಯಾರ್ಥಿಯ ಫೋನಿನತ್ತ ಬರೋಣ. ಸಂಭಾಷಣೆ ಮೂರು ಹೆಜ್ಜೆಗಳಲ್ಲಿ ಆರಂಭವಾಗುವುದು: ಫೋನು “ಇದ್ದೀರಾ?” ಎನ್ನುವುದು, ಸರ್ವರ್ “ಇದ್ದೇನೆ” ಎನ್ನುವುದು, ಫೋನು “ಸರಿ” ಎನ್ನುವುದು. ಮೊದಲ ಪ್ರಶ್ನೆ ಸಂಪರ್ಕ ಕಂಪೆನಿಯ ತಂತಿಯಲ್ಲಿ, ನಮ್ಮ ಮುಂಬಾಗಿಲಿಗೇ ಬಂದಿತು. ಟಿಸಿಪಿಡಂಪ್ ಎಂಬ ಉಪಕರಣದಿಂದ ಇದನ್ನು ಕಣ್ಣಾರೆ ಕಂಡೆವು. ಸರ್ವರ್ ಉತ್ತರವನ್ನೂ ಕೊಟ್ಟಿತು. ಆದರೆ ದಾರಿಪಟ್ಟಿ “ಎಲ್ಲಿಗೆ?” ಎಂದಷ್ಟೇ ಕೇಳಿ ಆ ಉತ್ತರವನ್ನು ಸುರಂಗಕ್ಕೆ ನೂಕಿತು! ಉತ್ತರದ ಮೇಲೆ ಇದ್ದುದು ನಮ್ಮ ಮುಂಬಾಗಿಲಿನ ವಿಳಾಸ. ಸುರಂಗದ ಆಚೆಯವರು ತಾವು ಕೊಟ್ಟ ವಿಳಾಸದ ಪ್ಯಾಕೆಟ್ಟುಗಳನ್ನು ಮಾತ್ರ ಮುಂದೆ ಬಿಡುವವರಾದುದರಿಂದ ಅದನ್ನು ಅಲ್ಲಿಯೇ ಬಿಸುಟರು. ಅವರು ತಮ್ಮ ವಿಳಾಸ ಹಚ್ಚಿ ಕಳಿಸಿದ್ದರೂ ಫಲವಿರಲಿಲ್ಲ. ಒಬ್ಬರನ್ನು ಕೇಳಿದ ಪ್ರಶ್ನೆಗೆ ಅಪರಿಚಿತನೊಬ್ಬನು ಕೊಟ್ಟ ಉತ್ತರವನ್ನು ಫೋನು ಒಪ್ಪುವುದಿಲ್ಲ.

ಸರ್ವರನ್ನೂ ಸುರಂಗದ ಆಚೆಯ ತುದಿಯಿಂದಲೇ ತೋರಿಸಿದರಾಗದೇ ಎಂದು ಓದುಗರು ಕೇಳಬಹುದು. ಸೇವೆಯವರು ಒಪ್ಪಿದರೆ ಆಗುವುದು. ಆದರೆ ಲೆಕ್ಕ ಹಾಕಿ ನೋಡೋಣ. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ೨,೦೦,೦೦೦ ಕಿಲೋಮೀಟರ್. ಸುರಂಗದ ತುದಿ ಸಿಂಗಪುರದಲ್ಲಿದೆ ಎನ್ನಿ. ನೇರ ದೂರ ಸುಮಾರು ೩,೬೦೦ ಕಿ.ಮೀ. ಖಾನಾಪುರದ ಪ್ರಶ್ನೆ ಸಿಂಗಪುರಕ್ಕೆ ಹೋಗಿ ಬೆಳಗಾವಿಗೆ ಬಂದು, ಉತ್ತರ ಮತ್ತೆ ಅದೇ ದಾರಿಯಲ್ಲಿ ಮರಳಬೇಕು: ೧೪,೪೦೦ ಕಿ.ಮೀ., ೭೨ ಮಿಲಿಸೆಕೆಂಡು. ಖಾನಾಪುರ ನಮ್ಮಿಂದ ಸುಮಾರು ೨೬ ಕಿ.ಮೀ.; ನೇರ ಎಳೆಯಿದ್ದರೆ ಹೋಗಿಬರಲು ೦.೨೬ ಮಿಲಿಸೆಕೆಂಡು ಸಾಕು. ಸಂಪರ್ಕ ಕಂಪೆನಿಗಳ ತಂತಿಗಳೂ ದೊಡ್ಡ ನಗರಗಳನ್ನು ಸುತ್ತಿಯೇ ಬರುವುವೆಂಬುದು ನಿಜ; ಆದರೂ ಅವು ಸಮುದ್ರವನ್ನು ನಾಲ್ಕು ಬಾರಿ ದಾಟಬೇಕಾಗಿಲ್ಲ.

ಉಪಾಯವೆಂದರೆ ದಾರಿಪಟ್ಟಿಗೆ ಎರಡನೆಯ ಪ್ರಶ್ನೆಯನ್ನು ಕಲಿಸುವುದು. ಲಿನಕ್ಸಿನಲ್ಲಿ ಒಂದಕ್ಕಿಂತ ಹೆಚ್ಚು ದಾರಿಪಟ್ಟಿಗಳನ್ನಿಟ್ಟು, ಯಾವ ಪ್ಯಾಕೆಟ್ಟಿಗೆ ಯಾವ ಪಟ್ಟಿ ಎಂದು ನಿಯಮ ಬರೆಯಬಹುದು. “೧೯೨.೧೬೮.೧.೨೦ರಿಂದ, ಅಂದರೆ ಸರ್ವರಿನಿಂದ, ಬಂದುದಕ್ಕೆ ಎರಡನೆಯ ಪಟ್ಟಿ; ಆ ಪಟ್ಟಿಯಲ್ಲಿ ಮುಂಬಾಗಿಲು” ಎಂದು ಬರೆಯುವುದು ನಮ್ಮ ಮೊದಲ ಯತ್ನ. ಅವಸರದಲ್ಲಿ ವಿಳಾಸದ ಮುಂದೆ ೩೨ರ ಬದಲು ೨೪ ಎಂದು ಬರೆದುಬಿಟ್ಟೆವು. ೩೨ ಎಂದರೆ ಒಂದೇ ಯಂತ್ರ; ೨೪ ಎಂದರೆ ೨೫೬ ವಿಳಾಸಗಳ ಇಡೀ ಮನೆ. ಪಾಠಗಳು ಆ ಕ್ಷಣವೇ ತೆರೆದುವು, ವಿದ್ಯಾರ್ಥಿಗಳು ಸಂತೋಷಪಟ್ಟರು, ನಾವೂ ಸಂತೋಷಪಟ್ಟೆವು. ಇತ್ತ ಮನೆಯ ಸಂಚಾರವೆಲ್ಲ ಸದ್ದಿಲ್ಲದೆ ಸುರಂಗದ ಹೊರಗೆ ಹರಿಯುತ್ತಿತ್ತು. ತಿಳಿದದ್ದು ಪರೀಕ್ಷೆ ಮುಗಿದ ಮೇಲೆ, ಲ್ಯಾಪ್‌ಟಾಪು ಹೊರಲೋಕಕ್ಕೆ ಯಾವ ವಿಳಾಸದಿಂದ ಕಾಣುತ್ತಿದೆಯೆಂದು ಆಕಸ್ಮಿಕವಾಗಿ ನೋಡಿದಾಗ. ಕೆಟ್ಟು ನಿಂತ ಯಂತ್ರ ಕೂಗಿ ಹೇಳುವುದು. ಅತಿಯಾಗಿ ತೆರೆದ ಬಾಗಿಲು ಏನನ್ನೂ ಹೇಳುವುದಿಲ್ಲ.

೩೨ ಎಂದು ತಿದ್ದಿದರೂ ಒಂದು ಕೊರತೆ ಉಳಿಯುವುದು. ಸರ್ವರ್ ತಾನಾಗಿಯೇ ಹೊರಗೆ ಕೇಳುವ ಪ್ರಶ್ನೆಗಳೂ, ಎಂದರೆ ಚಿತ್ರಗಳ ವಿವರ, ತಂತ್ರಾಂಶದ ಪರಿಷ್ಕರಣೆ ಮೊದಲಾದುವು, ಮುಂಬಾಗಿಲಿನಿಂದಲೇ ಹೋಗುವುವು. ನಮಗೆ ಬೇಕಾದುದು ಅದಲ್ಲ. ಹೊರಗಿನವರು ಆರಂಭಿಸಿದ ಸಂಭಾಷಣೆಯ ಉತ್ತರಗಳಷ್ಟೇ. ಆದುದರಿಂದ ಈಗ ವಿಳಾಸವನ್ನು ಬಿಟ್ಟು ಸಂಭಾಷಣೆಗೇ ಗುರುತು ಹಾಕುತ್ತೇವೆ. ಮುಂಬಾಗಿಲಿನಿಂದ ಬಂದ ಪ್ರತಿ ಹೊಸ ಸಂಪರ್ಕದ ಮೇಲೂ ಫೈರ್‌ವಾಲ್ ತನ್ನ ನೆನಪಿನಲ್ಲಿ ಒಂದು ಮುದ್ರೆಯೊತ್ತುವುದು; ಅದರ ಉತ್ತರ ಹೊರಟಾಗ ಮುದ್ರೆಯನ್ನು ನೋಡಿ ಎರಡನೆಯ ಪಟ್ಟಿಗೆ ಕಳಿಸುವುದು. ಪಿಎಫ್‌ಸೆನ್ಸ್, ಆಪ್‌ಸೆನ್ಸ್‌ಗಳಂತಹ ಫೈರ್‌ವಾಲ್‌ಗಳಲ್ಲಿ ಮುಂಬಾಗಿಲಿನ ನಿಯಮಗಳಿಗೆ ಈ ನೆನಪು ಸಾಮಾನ್ಯವಾಗಿ ತಾನಾಗಿಯೇ ಸೇರಿರುವುದು. ನಮ್ಮಂತೆ ಬರಿಯ ಲಿನಕ್ಸನ್ನು ಕಟ್ಟಿಕೊಂಡವರು ಕೈಯಾರೆ ಬರೆಯಬೇಕು. ಮನೆಯೊಳಗೆ ಎರಡು ಜಾಲಗಳಿದ್ದರೆ “ಒಳಗಿನ ವಿಳಾಸಗಳಿಗೆ ಮೊದಲ ಪಟ್ಟಿಯೇ” ಎಂಬ ನಿಯಮ ಇವೆಲ್ಲಕ್ಕಿಂತ ಮೇಲಿರಬೇಕು; ಇಲ್ಲವಾದರೆ ಎರಡನೆಯ ಜಾಲದ ಟಿ.ವಿ.ಗೆ ಹೋಗಬೇಕಾದ ಚಿತ್ರವೂ ಬೀದಿಗೆ ಹೊರಡುವುದು.

ಪ್ರಯತ್ನಿಸುವವರು ಮೊದಲು ತಮ್ಮ ಮುಂಬಾಗಿಲಿನ ವಿಳಾಸವನ್ನು ನೋಡಿಕೊಳ್ಳಲಿ. ಅದು ೧೦೦.೬೪ರಿಂದ ೧೦೦.೧೨೭ರವರೆಗಿನ ಗುಂಪಿನಲ್ಲಿದ್ದರೆ, ಕಂಪೆನಿಯು ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದೆಯೆಂದು ಅರ್ಥ; ಹೊರಗಿನ ಪ್ರಶ್ನೆ ಮನೆಯನ್ನು ತಲಪುವುದೇ ಇಲ್ಲ. ಜೆಲ್ಲಿಫಿನ್ನಿನ ೮೦೯೬ನೆಯ ಪೋರ್ಟನ್ನು ಹಾಗೆಯೇ ಲೋಕಕ್ಕೆ ತೆರೆಯುವುದೂ ಸಲ್ಲದು. ಅಲ್ಲಿ ಗುಪ್ತಪದವು ಮುಚ್ಚುಮರೆಯಿಲ್ಲದೆ ಸಾಗುವುದು. ನಾವು ೪೪೩ನೆಯ ಪೋರ್ಟಿನಲ್ಲಿ ಸಂಕೇತಲಿಪಿಯ ಕಾವಲಿಟ್ಟು ಅದರ ಹಿಂದೆ ಸರ್ವರನ್ನು ಇರಿಸಿದ್ದೇವೆ.

ಕೊನೆಗೆ, ಮುದ್ರೆಯಿಲ್ಲದ ಯಾವ ಪ್ಯಾಕೆಟ್ಟನ್ನೂ ಮನೆಯೊಳಗಿನಿಂದ ಮುಂಬಾಗಿಲಿಗೆ ಬಿಡಕೂಡದೆಂಬ ತಡೆಯನ್ನು ಸೇರಿಸಿ, ಬೇಕೆಂದೇ ಸುರಂಗವನ್ನು ಮುಚ್ಚಿ ನೋಡಿದೆವು. ಲ್ಯಾಪ್‌ಟಾಪು ಮೂಕವಾಯಿತು, ಮನೆಯವರ ಫೋನುಗಳೂ ಮೂಕವಾದುವು. ಖಾನಾಪುರದಲ್ಲಿ ಮಾತ್ರ ಗಾಲ್ವನೋಮೀಟರಿನ ಪಾಠ ನಿಲ್ಲದೆ ನಡೆಯುತ್ತಿತ್ತು.